‘ಏನೂ ಇಲ್ಲ’ ಅನ್ನುವ ಮಕ್ಕಳು ಯಾರ ಹತ್ತಿರ ಮಾತಾಡುತ್ತಾರೆ?

ಕಳೆದ ವರ್ಷದ ಒಂದು ಸಂಜೆ. ಒಂಬತ್ತನೇ ಕ್ಲಾಸಿನ ಮಗ ಸ್ಕೂಲಿನಿಂದ ಬಂದವನು ಬ್ಯಾಗನ್ನು ಬಾಗಿಲ ಹತ್ತಿರವೇ ಬಿಟ್ಟು ಸೀದಾ ರೂಮಿಗೆ ಹೋದ. ಶೂ ಕೂಡ ಬಿಚ್ಚಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಚಪಾತಿಯನ್ನು ಹರಿದು ಹರಿದು ತಟ್ಟೆಯ ಅಂಚಿನಲ್ಲಿ ಚೂರುಗಳ ಸಾಲು ಮಾಡಿದ. ಬಾಯಿಗೆ ಹೋದದ್ದು ಎರಡೇ ಚೂರು.

‘ಏನಾಯ್ತೋ?’
‘ಏನೂ ಇಲ್ಲ.’
‘ಯಾರಾದ್ರೂ ಏನಾದ್ರೂ ಅಂದ್ರಾ?’
‘ಏನೂ ಇಲ್ಲ ಅಂದ್ನಲ್ಲಮ್ಮ.’

ಆ ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಇದು ವಯಸ್ಸಿನ ಮುನಿಸೋ, ನಿಜವಾದ ತೊಂದರೆಯೋ ಗೊತ್ತಾಗಲಿಲ್ಲ. ತೊಂದರೆಯೇ ಆಗಿದ್ದರೆ ಅವನು ಯಾರಿಗಾದರೂ ಹೇಳುತ್ತಾನಾ ಅನ್ನುವುದೂ ತಿಳಿಯಲಿಲ್ಲ. ಹೀಗೆ ಓದಲು ಶುರು ಮಾಡಿದೆ. ಹದಿಹರೆಯದ ಮನಸ್ಸಿನ ಬಗ್ಗೆ ಜಗತ್ತಿನಲ್ಲಿ, ನಮ್ಮ ದೇಶದಲ್ಲಿ, ನಮ್ಮ ಮೈಸೂರಿನಲ್ಲೂ ಎಷ್ಟೊಂದು ಕೆಲಸ ಆಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಓದಿದ್ದರಲ್ಲಿ ತುಂಬಾ ಕಾಡಿದ್ದು ಬಿಹಾರದ ನಳಂದ ಜಿಲ್ಲೆಯ ಒಂದು ಅಧ್ಯಯನ. ಅದು ಯಾಕೆ ಅಷ್ಟು ಮುಖ್ಯ ಅಂತ ಗೊತ್ತಾಗಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಹದಿನಾಲ್ಕು ಅನ್ನುವ ವಯಸ್ಸು

ನ್ಯೂಜಿಲೆಂಡಿನಲ್ಲಿ ಡನೀಡಿನ್ ಅಂತ ಒಂದು ಊರು. ಅಲ್ಲಿ 1972ರ ಏಪ್ರಿಲ್‌ನಿಂದ 1973ರ ಮಾರ್ಚ್‌ವರೆಗೆ ಒಂದೇ ಆಸ್ಪತ್ರೆಯಲ್ಲಿ ಹುಟ್ಟಿದ 1,037 ಮಕ್ಕಳನ್ನು ಸಂಶೋಧಕರು ಆರಿಸಿಕೊಂಡರು. ಮಕ್ಕಳಿಗೆ ಮೂರು ತುಂಬಿದಾಗ ಒಮ್ಮೆ ಪರೀಕ್ಷೆ, ಆಮೇಲೆ ಐದಕ್ಕೆ, ಏಳಕ್ಕೆ, ಹೀಗೆ ಅವರು ನಲವತ್ತೈದು ದಾಟುವವರೆಗೂ ಬಿಡಲಿಲ್ಲ. ಬೇರೆ ದೇಶಕ್ಕೆ ಹೋದವರನ್ನು ವಿಮಾನದ ಖರ್ಚು ಕೊಟ್ಟು ಕರೆಸಿಕೊಂಡರು. ನಲವತ್ತೈದನೇ ವಯಸ್ಸಿನ ಪರೀಕ್ಷೆಗೆ ಬದುಕಿದ್ದವರಲ್ಲಿ ಶೇ. 94 ಮಂದಿ ಬಂದಿದ್ದರು. ಒಂದು ಊರಿನ ಮಕ್ಕಳನ್ನು ಇಷ್ಟು ವರ್ಷ ಕೈಬಿಡದೆ ನೋಡಿದ್ದೇ ಒಂದು ದೊಡ್ಡ ಮಾತು.

ಈ ಮಕ್ಕಳು ಇಪ್ಪತ್ತಾರು ವರ್ಷದವರಾದಾಗ ಸಂಶೋಧಕರು ಒಂದು ಲೆಕ್ಕ ತೆಗೆದರು. ಆಗ ಮಾನಸಿಕ ಕಾಯಿಲೆ ಇದ್ದವರಲ್ಲಿ ಅರ್ಧದಷ್ಟು ಜನಕ್ಕೆ ಹದಿನೈದು ತುಂಬುವ ಮೊದಲೇ ಯಾವುದಾದರೂ ಮಾನಸಿಕ ತೊಂದರೆ ಇತ್ತು. ಹದಿನೆಂಟರ ಒಳಗೆ ಅಂತ ನೋಡಿದರೆ ಸುಮಾರು ಮುಕ್ಕಾಲು ಪಾಲು. ಅಮೆರಿಕದಲ್ಲಿ ರೊನಾಲ್ಡ್ ಕೆಸ್ಲರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆಯೂ ಹೆಚ್ಚು ಕಡಿಮೆ ಇದನ್ನೇ ಹೇಳಿತು. ಜೀವನದಲ್ಲಿ ಬರುವ ಮಾನಸಿಕ ಕಾಯಿಲೆಗಳಲ್ಲಿ ಅರ್ಧ ಹದಿನಾಲ್ಕರ ಒಳಗೆ ಶುರುವಾಗುತ್ತವೆ, ಮುಕ್ಕಾಲು ಭಾಗ ಇಪ್ಪತ್ನಾಲ್ಕರ ಒಳಗೆ.

ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಎಲ್ಲ ವಯಸ್ಸಾದ ಮೇಲೆ ಬರುವಂಥವು ಅಂತ ನಾವು ಅಂದುಕೊಂಡಿದ್ದೇವೆ. ಮನಸ್ಸಿನ ಕಾಯಿಲೆಯ ಲೆಕ್ಕ ಉಲ್ಟಾ. ಅದು ಎಳೆಯರ ಕಾಯಿಲೆ. ನಲವತ್ತರಲ್ಲಿ ಡಾಕ್ಟರ ಹತ್ತಿರ ಹೋದವರಲ್ಲಿ ಎಷ್ಟೋ ಜನ ಅದನ್ನು ಹೈಸ್ಕೂಲಿನಿಂದ ಹೊತ್ತುಕೊಂಡು ಬಂದಿರುತ್ತಾರೆ.

ನಮ್ಮಲ್ಲಿ? ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿತು. ಹನ್ನೆರಡು ರಾಜ್ಯಗಳಲ್ಲಿ ಮನೆ ಮನೆಗೆ ಹೋಗಿ ಮಾಡಿದ ಕೆಲಸ. ಆ ಹನ್ನೆರಡರಲ್ಲಿ ಕರ್ನಾಟಕ ಇರಲಿಲ್ಲ. ಆದರೆ ಪ್ರಶ್ನೆಗಳನ್ನು ಮೊದಲು ಪ್ರಯೋಗ ಮಾಡಿ ನೋಡಿದ್ದು ನಮ್ಮ ಕೋಲಾರದಲ್ಲಿ. 13ರಿಂದ 17 ವರ್ಷದ ಮಕ್ಕಳಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇದೆ ಅಂತ ಗೊತ್ತಾಯಿತು. ಹಳ್ಳಿಗಳಲ್ಲಿ ಇದು ಶೇ. 6.9, ಮಹಾನಗರಗಳಲ್ಲಿ ಶೇ. 13.5.

ಶೇಕಡಾ ಲೆಕ್ಕ ಮನಸ್ಸಿಗೆ ನಾಟುವುದಿಲ್ಲ. ಅರವತ್ತು ಮಕ್ಕಳ ಒಂದು ಕ್ಲಾಸನ್ನು ಕಣ್ಣ ಮುಂದೆ ತಂದುಕೊಳ್ಳಿ. 7.3 ಅಂದರೆ ಅಲ್ಲಿ ನಾಲ್ಕೈದು ಮಕ್ಕಳು. ಮಹಾನಗರದ ಲೆಕ್ಕ ಹಿಡಿದರೆ ಎಂಟು. ಎರಡು ಬೆಂಚು ತುಂಬುವಷ್ಟು ಮಕ್ಕಳು. ಹಾಜರಿ ಕೂಗಿದಾಗ ಅವರೂ ‘ಎಸ್ ಸಾರ್’ ಅನ್ನುತ್ತಾರೆ, ನೋಟ್ಸ್ ಬರೆಯುತ್ತಾರೆ. ಯಾರ ಕಣ್ಣಿಗೂ ಬೀಳುವುದಿಲ್ಲ.

ಗೆಳೆಯರು ನೋಡುತ್ತಿದ್ದಾಗ

1904ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟಾನ್ಲಿ ಹಾಲ್ ಹದಿಹರೆಯವನ್ನು ಬಿರುಗಾಳಿಯ ಕಾಲ ಅಂತ ಕರೆದ. ಆ ಮಾತು ಎಷ್ಟು ಅಂಟಿಕೊಂಡಿತು ಅಂದರೆ, ಇವತ್ತಿಗೂ ಮಕ್ಕಳು ಸಿಡುಕಿದರೆ ‘ಆ ವಯಸ್ಸೇ ಹಾಗೆ’ ಅಂದುಬಿಡುತ್ತೇವೆ. ನಂತರ ಬಂದವರು ನೋಡಿದಾಗ ಬಹಳಷ್ಟು ಮಕ್ಕಳು ಈ ವಯಸ್ಸನ್ನು ಅಂಥ ದೊಡ್ಡ ಗಲಾಟೆಯಿಲ್ಲದೆ ದಾಟುತ್ತಾರೆ ಅಂತ ತಿಳಿಯಿತು. ಡನೀಡಿನ್ ಅಧ್ಯಯನದ ಟೆರಿ ಮೊಫಿಟ್ ಇನ್ನೊಂದು ವಿಷಯ ಗುರುತಿಸಿದರು. ಹುಡುಗರಲ್ಲಿ ಹದಿಹರೆಯಕ್ಕೆ ಬಂದಾಗ ಮಾತ್ರ ತುಂಟತನ, ಕಾನೂನು ಮೀರುವುದು ಶುರುವಾಗಿ ಆಮೇಲೆ ತಾನಾಗಿ ನಿಲ್ಲುವ ಗುಂಪು ದೊಡ್ಡದು. ಚಿಕ್ಕಂದಿನಿಂದಲೇ ಶುರುವಾಗಿ ಮುಂದುವರಿಯುವ ಗುಂಪು ಸಣ್ಣದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಹಿನ್ನೆಲೆ ಮಾತ್ರ ಬೇರೆ. ಹದಿನೈದರಲ್ಲಿ ಕದ್ದು ಸಿಗರೇಟು ಸೇದಿದ ಹುಡುಗನನ್ನು ‘ಕೈತಪ್ಪಿ ಹೋದ’ ಅಂತ ಬರೆದುಹಾಕುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಹಾಗಾದರೆ ಈ ವಯಸ್ಸಿನಲ್ಲಿ ಮಿದುಳಿನಲ್ಲಿ ಆಗುವುದೇನು? ಮುಂದಾಲೋಚನೆ ಮಾಡುವ, ತಡೆದು ನಿಲ್ಲಿಸುವ ಹಣೆಯ ಹಿಂದಿನ ಭಾಗ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. ಆಸೆ, ಖುಷಿ, ಹೊಗಳಿಕೆಗೆ ಮಿಡಿಯುವ ಭಾಗ ಅದಕ್ಕಿಂತ ಮೊದಲೇ ಚುರುಕಾಗುತ್ತದೆ. ಇದನ್ನು ಕೇಳಿದವರು ‘ಓ, ಮಕ್ಕಳಿಗೆ ಬ್ರೇಕ್ ಇಲ್ಲ’ ಅಂತ ತೀರ್ಮಾನಿಸುತ್ತಾರೆ. ಅದು ಅರ್ಧ ಸತ್ಯ.

ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. 306 ಜನರಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟರು. ಹಳದಿ ದೀಪ ಬಂದ ಮೇಲೂ ಓಡಿಸಿದಷ್ಟು ಅಂಕ ಜಾಸ್ತಿ, ಆದರೆ ಯಾವ ಕ್ಷಣದಲ್ಲಾದರೂ ಗೋಡೆ ಎದುರಾಗಿ ಎಲ್ಲ ಅಂಕ ಹೋಗಬಹುದು. ಕೆಲವರು ಒಬ್ಬರೇ ಆಡಿದರು, ಕೆಲವರು ಗೆಳೆಯರ ಎದುರು. ಗೆಳೆಯರು ಪಕ್ಕದಲ್ಲಿದ್ದಾಗ 13ರಿಂದ 16ರ ಮಕ್ಕಳು ಒಬ್ಬರೇ ಆಡಿದ್ದಕ್ಕಿಂತ ಸುಮಾರು ಎರಡು ಪಟ್ಟು ಅಪಾಯ ಎಳೆದುಕೊಂಡರು. ಇಪ್ಪತ್ನಾಲ್ಕು ದಾಟಿದವರಿಗೆ ಗೆಳೆಯರು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಅಂದರೆ ಅಪಾಯ ಗೊತ್ತಿಲ್ಲದೆ ಅಲ್ಲ. ‘ಯಾರೋ ನನ್ನನ್ನು ನೋಡುತ್ತಿದ್ದಾರೆ’ ಅನ್ನುವುದೇ ಆ ವಯಸ್ಸಿನ ಮಿದುಳಿಗೆ ದೊಡ್ಡ ಸಂಗತಿ. ಬೈಕ್ ಮೇಲೆ ಮೂವರು ಕೂತು ಹೋಗುವ ಹುಡುಗರಿಗೆ ಹೆಲ್ಮೆಟ್ಟಿನ ಪಾಠ ಬಾಯಿಪಾಠ ಇರುತ್ತದೆ. ಪರೀಕ್ಷೆಯಲ್ಲಿ ಕೇಳಿದರೆ ಹತ್ತಕ್ಕೆ ಹತ್ತು ಬರೆದು ಬರುತ್ತಾರೆ.

ಇದರ ಇನ್ನೊಂದು ಮುಖ ಅವಮಾನ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಹುಟ್ಟಿದ ನೂರಾರು ಮಕ್ಕಳನ್ನು ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ವರ್ಷಗಟ್ಟಲೆ ನೋಡಿಕೊಂಡು ಬಂದಿದ್ದಾರೆ. ಡನೀಡಿನ್ ಥರದ್ದೇ ನಮ್ಮ ಮನೆಯಂಗಳದ ಕೆಲಸ. ಬಸುರಿನಲ್ಲಿ ತಾಯಿಯ ಆರೋಗ್ಯ ಹೇಗಿತ್ತು ಅನ್ನುವುದಕ್ಕೂ ಮಗುವಿನ ಮುಂದಿನ ಆರೋಗ್ಯಕ್ಕೂ ಏನು ಸಂಬಂಧ ಅಂತ ನೋಡುವುದು ಮೂಲ ಉದ್ದೇಶ. ಆ ಮಕ್ಕಳಿಗೆ ಸುಮಾರು ಹದಿಮೂರು ಹದಿನಾಲ್ಕು ವರ್ಷವಾದಾಗ ಅವರ ದೇಹ ಒತ್ತಡಕ್ಕೆ ಹೇಗೆ ಸ್ಪಂದಿಸುತ್ತದೆ ಅಂತ ಅಳೆದರು. ಗುರುತಿಲ್ಲದವರ ಮುಂದೆ ನಿಂತು ಒಂದು ಕಥೆ ಹೇಳಬೇಕು. ಆಮೇಲೆ ಬಾಯಿಲೆಕ್ಕ ಮಾಡಬೇಕು. ಎದುರು ಕೂತವರು ನೋಡುತ್ತಿರುತ್ತಾರೆ. ಜೊಲ್ಲಿನಲ್ಲಿ ಒತ್ತಡದ ಹಾರ್ಮೋನ್ ಎಷ್ಟು ಏರಿತು, ಎದೆಬಡಿತ ಎಷ್ಟು ಜಾಸ್ತಿಯಾಯಿತು ಅಂತ ದಾಖಲಿಸಿದರು.

ಇದನ್ನು ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸುಮ್ಮನೆ ಕೂತೆ. ಜಗತ್ತಿನೆಲ್ಲೆಡೆ ಮಕ್ಕಳಲ್ಲಿ ಒತ್ತಡ ಹುಟ್ಟಿಸಲು ವಿಜ್ಞಾನಿಗಳು ನಂಬುವ ವಿಧಾನ ಇದು. ಎಲ್ಲರ ಎದುರು ನಿಲ್ಲಿಸು, ಲೆಕ್ಕ ಕೇಳು, ಅಳೆಯುವ ಕಣ್ಣಲ್ಲಿ ನೋಡು. ನಮ್ಮ ಎಷ್ಟು ಕ್ಲಾಸ್‌ರೂಮುಗಳಲ್ಲಿ ಇದು ದಿನಾ ನಡೆಯುತ್ತದೆ, ಅಲ್ವಾ? ಅಲ್ಲಿ ಹಾರ್ಮೋನ್ ಅಳೆಯುವವರು ಯಾರೂ ಇರುವುದಿಲ್ಲ ಅಷ್ಟೇ.

ಬೆಳಗಿನ ಜಾವದ ಟ್ಯೂಷನ್

ನಿದ್ದೆಯ ವಿಷಯ ಚಿಕ್ಕದು ಅನ್ನಿಸುತ್ತದೆ. ಆದರೆ ಮನೆಯಲ್ಲಿ ನಾವು ಇವತ್ತೇ ಬದಲಾಯಿಸಬಹುದಾದದ್ದು ಇದೊಂದೇ ಇರಬಹುದು. ರಾತ್ರಿಯಾಯಿತು ಅಂತ ದೇಹಕ್ಕೆ ತಿಳಿಸುವ ಮೆಲಟೋನಿನ್ ಹಾರ್ಮೋನ್ ಹದಿಹರೆಯದಲ್ಲಿ ತಡವಾಗಿ ಏರುತ್ತದೆ. ಅಮೆರಿಕದ ಮೇರಿ ಕಾರ್ಸ್‌ಕಡನ್ ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದರು. ಹತ್ತು ಗಂಟೆಗೆ ಮಲಗು ಅಂದರೆ ಮಲಗಬಹುದು, ಆದರೆ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಏಳಲಿಕ್ಕಾಗುವುದಿಲ್ಲ. ಅದನ್ನು ನಾವು ಸೋಮಾರಿತನ ಅನ್ನುತ್ತೇವೆ.

ಸಿಯಾಟಲ್ ನಗರದ ಹೈಸ್ಕೂಲುಗಳು 2016ರಲ್ಲಿ ಶುರುವಾಗುವ ಸಮಯವನ್ನು 7.50ರಿಂದ 8.45ಕ್ಕೆ ಮುಂದೂಡಿದವು. ಮಕ್ಕಳು ಇನ್ನೂ ತಡವಾಗಿ ಮಲಗುತ್ತಾರೆ, ಲಾಭ ಏನೂ ಇಲ್ಲ ಅಂತ ಹಲವರು ಅಂದಿದ್ದರು. ಕೈಗೆ ಕಟ್ಟಿದ ಯಂತ್ರದಿಂದ ಅಳೆದಾಗ ಮಕ್ಕಳ ನಿದ್ದೆ ದಿನಕ್ಕೆ 34 ನಿಮಿಷ ಜಾಸ್ತಿಯಾಗಿತ್ತು.

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳ ದಿನ ಬೆಳಿಗ್ಗೆ ಆರರ ಟ್ಯೂಷನ್ನಿನಿಂದ ಶುರುವಾಗುತ್ತದೆ. ನಮ್ಮ ಬೀದಿಯಲ್ಲೇ ಡಿಸೆಂಬರ್ ಚಳಿಯಲ್ಲಿ ಮಂಕಿಕ್ಯಾಪ್ ಹಾಕಿಕೊಂಡು ಸೈಕಲ್ ತುಳಿಯುವ ಹುಡುಗಿಯರನ್ನು ನೋಡುತ್ತೇನೆ. ಅವರ ದೇಹದ ಗಡಿಯಾರದ ಪ್ರಕಾರ ಅದು ಇನ್ನೂ ನಡುರಾತ್ರಿಯ ಮುಂದುವರಿಕೆ. ಸಾಕಷ್ಟು ನಿದ್ದೆ ಇಲ್ಲದ ಮನಸ್ಸು ಬೇಗ ಸಿಡುಕುತ್ತದೆ, ಬೇಗ ಕುಸಿಯುತ್ತದೆ. ಪರೀಕ್ಷೆಯ ತಯಾರಿ ಅಂತ ನಿದ್ದೆ ಕತ್ತರಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಫೋನಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ಹಾಗಾಗಿ ಎರಡು ಮಾತು. ಏಮಿ ಓರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್ಸ್ಕಿ 2019ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳ ಮಾಹಿತಿ ಸೋಸಿ ನೋಡಿದರು. ಮಕ್ಕಳ ನೆಮ್ಮದಿಯಲ್ಲಿ ಕಾಣುವ ಏರುಪೇರಿನಲ್ಲಿ ಸ್ಕ್ರೀನ್ ಬಳಕೆಗೆ ಸಂಬಂಧಪಟ್ಟದ್ದು ಹೆಚ್ಚೆಂದರೆ ಶೇ. 0.4. ಆದರೆ ಇದು ಸರಾಸರಿ. ಓರ್ಬೆನ್ ಅವರ ತಂಡವೇ 2022ರಲ್ಲಿ ಇನ್ನೊಂದು ವಿಷಯ ತೋರಿಸಿತು. ಸೋಶಿಯಲ್ ಮೀಡಿಯಾ ಮನಸ್ಸಿಗೆ ಜಾಸ್ತಿ ತಾಗುವ ವಯಸ್ಸುಗಳಿವೆ. ಹುಡುಗಿಯರಿಗೆ 11ರಿಂದ 13, ಹುಡುಗರಿಗೆ 14 ಮತ್ತು 15, ಆಮೇಲೆ ಇಬ್ಬರಿಗೂ 19ರ ಸುಮಾರಿಗೆ ಮತ್ತೊಮ್ಮೆ. ಎಲ್ಲ ಕಷ್ಟಕ್ಕೂ ಫೋನನ್ನೇ ಹೊಣೆ ಮಾಡಿದರೆ, ಫೋನ್ ಕಸಿದುಕೊಂಡ ಮೇಲೂ ಉಳಿಯುವ ಕಷ್ಟ ನಮಗೆ ಕಾಣುವುದಿಲ್ಲ.

‘ನಾನು ಯಾರು’ ಅಂತ ಕೇಳಲು ಸಮಯ

ಎರಿಕ್ ಎರಿಕ್‌ಸನ್ ಹೆಸರನ್ನು ಬಿ.ಎಡ್. ಮಾಡಿದವರು ಕೇಳಿರುತ್ತಾರೆ. ಹದಿಹರೆಯದ ಮುಖ್ಯ ಕೆಲಸ ‘ನಾನು ಯಾರು’ ಅಂತ ಕಂಡುಕೊಳ್ಳುವುದು ಅಂತ 1950ರಲ್ಲೇ ಬರೆದವನು. ಅವನ ವಿಚಾರವನ್ನು ಜೇಮ್ಸ್ ಮಾರ್ಸಿಯಾ 1966ರಲ್ಲಿ ಅಳೆಯಬಹುದಾದ ರೂಪಕ್ಕೆ ತಂದ. ಎರಡೇ ಪ್ರಶ್ನೆ. ಈ ಹುಡುಗ ಅಥವಾ ಹುಡುಗಿ ಬೇರೆ ಬೇರೆ ದಾರಿಗಳನ್ನು ಹುಡುಕಿ ನೋಡಿದ್ದಾರಾ? ಯಾವುದಾದರೂ ಒಂದಕ್ಕೆ ಮನಸ್ಸು ಕೊಟ್ಟಿದ್ದಾರಾ? ಹುಡುಕಿ, ಆಮೇಲೆ ನೆಲೆ ನಿಂತವರಿದ್ದಾರೆ. ಇನ್ನೂ ಹುಡುಕುತ್ತಲೇ ಇರುವವರಿದ್ದಾರೆ. ಎರಡೂ ಇಲ್ಲದೆ ತೇಲುವವರಿದ್ದಾರೆ. ಇನ್ನೊಂದು ಗುಂಪು ಹುಡುಕದೆಯೇ ನೆಲೆ ನಿಂತವರದು. ಅಪ್ಪ ಅಮ್ಮ ಹೇಳಿದ್ದನ್ನೇ ತಮ್ಮದು ಅಂದುಕೊಂಡವರು.

ನಮ್ಮ ಪದ್ಧತಿಯಲ್ಲಿ ಈ ನಾಲ್ಕನೆಯ ಗುಂಪಿಗೆ ಬಾಗಿಲು ಅಗಲವಾಗಿ ತೆರೆದಿರುತ್ತದೆ. ಹದಿನಾರಕ್ಕೆ ಎಸ್ಸೆಸ್ಸೆಲ್ಸಿ ರಿಸಲ್ಟ್ ಬರುತ್ತದೆ. ಒಂದೆರಡು ವಾರದಲ್ಲಿ ಪಿಯುಸಿಗೆ ಸೈನ್ಸೋ ಕಾಮರ್ಸೋ ಆರ್ಟ್ಸೋ ಅಂತ ತೀರ್ಮಾನ. ಶೇ. 90 ಬಂದರೆ ಸೈನ್ಸ್ ಅಂತ ನೆಂಟರೇ ಹೇಳಿಬಿಡುತ್ತಾರೆ. ಹೊರಗಿನಿಂದ ಇಂಥ ಮಕ್ಕಳು ತುಂಬಾ ನೆಮ್ಮದಿಯಾಗಿ ಕಾಣುತ್ತಾರೆ. ನನ್ನ ಅಕ್ಕನ ಮಗಳು ಹಾಗೆಯೇ ಇದ್ದಳು, ಎರಡನೇ ಪಿಯುಸಿಯ ಕೆಮಿಸ್ಟ್ರಿ ಪರೀಕ್ಷೆಯ ಹಿಂದಿನ ರಾತ್ರಿಯವರೆಗೆ. ಅವತ್ತು ಅವಳು ಅತ್ತಿದ್ದು ಕೆಮಿಸ್ಟ್ರಿಗಲ್ಲ. ‘ಇದು ನಂಗೆ ಇಷ್ಟಾನೋ ಇಲ್ವೋ ಅಂತ ಯಾರೂ ಕೇಳ್ಲೇ ಇಲ್ಲ, ನಾನೂ ಕೇಳ್ಕೊಳ್ಲಿಲ್ಲ’ ಅಂದಳು.

ನಳಂದದ ಶಾಲೆಗಳು

ಈಗ ಮೊದಲು ಹೇಳಿದ ಅಧ್ಯಯನಕ್ಕೆ ಬರುತ್ತೇನೆ. ಇಷ್ಟು ಹೊತ್ತು ಹೇಳಿದ್ದರ ಸಾರ ಏನು? ತೊಂದರೆ ಶುರುವಾಗುವುದು ಹೈಸ್ಕೂಲಿನ ವಯಸ್ಸಿನಲ್ಲಿ. ಆ ವಯಸ್ಸಿನ ಮನಸ್ಸಿಗೆ ಸುತ್ತಲಿನ ಜನ, ಅವರ ನೋಟ, ಅವರ ಮಾತು ಎಲ್ಲಕ್ಕಿಂತ ದೊಡ್ಡದು. ಹಾಗಾದರೆ ಶಾಲೆಯನ್ನೇ ಬದಲಾಯಿಸಿ ನೋಡಿದರೆ ಹೇಗೆ?

ಗೋವಾದಲ್ಲಿ 1996ರಲ್ಲಿ ಹುಟ್ಟಿದ ಸಂಗಾತ್ ಅನ್ನುವ ಸಂಸ್ಥೆ ಇದನ್ನು ಬಿಹಾರದಲ್ಲಿ ಮಾಡಿ ನೋಡಿತು. ಸಚಿನ್ ಶಿಂದೆ, ವಿಕ್ರಮ್ ಪಟೇಲ್ ಮತ್ತು ಸಂಗಡಿಗರ ಈ ಕೆಲಸಕ್ಕೆ ‘ಸೆಹರ್’ ಅಂತ ಹೆಸರು. ಉರ್ದುವಿನಲ್ಲಿ ಸೆಹರ್ ಅಂದರೆ ಮುಂಜಾವು. ನಳಂದ ಜಿಲ್ಲೆಯ 74 ಸರ್ಕಾರಿ ಹೈಸ್ಕೂಲುಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಎಲ್ಲ ಕಡೆ ಸರ್ಕಾರದ ಎಂದಿನ ಜೀವನ ಕೌಶಲದ ಪಾಠ ಇತ್ತು. ಒಂದು ಗುಂಪಿನಲ್ಲಿ ಅಷ್ಟೇ. ಇನ್ನೆರಡರಲ್ಲಿ ಅದರ ಜೊತೆಗೆ ಹೊಸ ಕಾರ್ಯಕ್ರಮ. ಒಂದರಲ್ಲಿ ಅದನ್ನು ನಡೆಸಿದ್ದು ಆ ಶಾಲೆಯದೇ ಮೇಷ್ಟ್ರು. ಇನ್ನೊಂದರಲ್ಲಿ ‘ಸೆಹರ್ ಮಿತ್ರ’ ಅಂತ ಹೊರಗಿನಿಂದ ನೇಮಿಸಿದ ಒಬ್ಬರು. ಈ ಮಿತ್ರರು ಮನೋವೈದ್ಯರಲ್ಲ, ಮನಶ್ಶಾಸ್ತ್ರ ಓದಿದ ಪರಿಣತರೂ ಅಲ್ಲ. ತರಬೇತಿ ಪಡೆದ ಸಾಮಾನ್ಯ ಪದವೀಧರರು.

ಕಾರ್ಯಕ್ರಮದಲ್ಲಿ ಇದ್ದದ್ದು ತುಂಬಾ ಸರಳ ಸಂಗತಿಗಳು. ಗೋಡೆ ಪತ್ರಿಕೆ. ಸ್ಪರ್ಧೆಗಳು. ಮಕ್ಕಳು, ಪೋಷಕರು, ಶಿಕ್ಷಕರು ಸೇರಿದ ಸಮಿತಿ. ಹೊಡೆತ, ಚುಡಾಯಿಸುವಿಕೆ, ಸ್ವಚ್ಛತೆ, ಲಿಂಗ ಸಮಾನತೆಯ ಬಗ್ಗೆ ಮಾತುಕತೆ. ಬೇಕಾದವರಿಗೆ ಒಬ್ಬೊಬ್ಬರಾಗಿ ಕೂತು ಮಾತಾಡಲು ಅವಕಾಶ. ಜೊತೆಗೆ ಒಂದು ಡಬ್ಬಿ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಹಾಕಬಹುದು, ಹೆಸರು ಬೇಕಿಲ್ಲ.

ಆ ಡಬ್ಬಿಯ ಬಗ್ಗೆ ಒಂದು ಕ್ಷಣ ಯೋಚಿಸಿ. ಕೇಳಿದರೆ ‘ಏನೂ ಇಲ್ಲ’ ಅನ್ನುವ ಹುಡುಗನಿಗೆ ಬಾಯಿ ಬಿಡುವುದೇ ಕಷ್ಟ. ಎದುರಿಗೆ ಮುಖ ಇದ್ದರೆ ಮುಗೀತು. ಡಬ್ಬಿಗೆ ಮುಖ ಇಲ್ಲ. ಬರೆದದ್ದನ್ನು ಯಾರೋ ಓದುತ್ತಾರೆ, ಓದಿ ಏನಾದರೂ ಮಾಡುತ್ತಾರೆ ಅನ್ನುವ ನಂಬಿಕೆ ಇದ್ದರೆ ಸಾಕು.

ಎಂಟು ತಿಂಗಳ ನಂತರ ಹದಿನಾಲ್ಕು ಸಾವಿರ ಮಕ್ಕಳನ್ನು ಪ್ರಶ್ನಿಸಿ ನೋಡಿದರು. ಮಿತ್ರರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತ್ತು. ಖಿನ್ನತೆಯ ಲಕ್ಷಣ ಕಡಿಮೆ. ಬೆದರಿಸುವುದು, ಹೊಡೆದಾಟ ಕಡಿಮೆ. ಮೇಷ್ಟ್ರು ನಡೆಸಿದ ಶಾಲೆಗಳಲ್ಲಿ? ಹೊಸ ಕಾರ್ಯಕ್ರಮ ಇಲ್ಲದ ಶಾಲೆಗಳಿಗೂ ಅವುಗಳಿಗೂ ವ್ಯತ್ಯಾಸವೇ ಇರಲಿಲ್ಲ. ಅದೇ ಗೋಡೆ ಪತ್ರಿಕೆ, ಅದೇ ಡಬ್ಬಿ, ಅದೇ ಕೈಪಿಡಿ. ಹದಿನೇಳು ತಿಂಗಳಿಗೆ ಮತ್ತೆ ನೋಡಿದಾಗ ಮಿತ್ರರಿದ್ದ ಶಾಲೆಗಳ ಲಾಭ ಇನ್ನೂ ಹೆಚ್ಚಾಗಿತ್ತು.

ಇದನ್ನು ಮೇಷ್ಟ್ರುಗಳ ಮೇಲಿನ ದೂರಾಗಿ ಓದಬೇಡಿ. ನನ್ನ ಅಪ್ಪ ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವರು. ಪಾಠ, ಪರೀಕ್ಷೆ, ಜನಗಣತಿ, ಚುನಾವಣೆ ಡ್ಯೂಟಿ, ಬಿಸಿಯೂಟದ ಲೆಕ್ಕ, ಎಲ್ಲದರ ನಡುವೆ ಇನ್ನೊಂದು ಕಾರ್ಯಕ್ರಮ ಅಂದರೆ ಅದು ಕೊನೆಗೆ ಕಾಗದದ ಮೇಲೆ ಉಳಿಯುತ್ತದೆ. ಅವರ ಬೀರುವಿನಲ್ಲಿ ಅಂಥ ಎಷ್ಟೋ ಕೈಪಿಡಿಗಳಿದ್ದವು, ಕೆಲವುದರ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ ಅಂತ ನನಗನ್ನಿಸುತ್ತದೆ. ಮಾರ್ಕ್ಸ್ ಹಾಕುವ ಕೈ, ಮನೆಗೆ ಫೋನ್ ಮಾಡುವ ಕೈ, ಕೆಲವು ಕಡೆ ಬೆತ್ತ ಹಿಡಿಯುವ ಕೈ ಅದೇ. ಮಗು ಎಷ್ಟೇ ಇಷ್ಟಪಟ್ಟರೂ ಆ ಕೈಗೆ ತನ್ನ ಗುಟ್ಟು ಕೊಡಲು ಹಿಂಜರಿಯುತ್ತದೆ. ಒಳ್ಳೆಯ ಮೇಷ್ಟ್ರಾದರೂ ಅಷ್ಟೇ. ಒಳ್ಳೆಯ ಅಮ್ಮನಾದರೂ ಅಷ್ಟೇ ಅಂತ ಒಪ್ಪಿಕೊಳ್ಳಲು ನನಗೆ ಸ್ವಲ್ಪ ದಿನ ಬೇಕಾಯಿತು.

ಕೇಳಿದರೆ ನೆನಪಿಸಿದ ಹಾಗಾಗುತ್ತಾ?

ಯೂರೋಪಿನಲ್ಲೂ ಹೀಗೆಯೇ ಆಯಿತು. ಹತ್ತು ದೇಶಗಳ 168 ಶಾಲೆಗಳು, 11,110 ಮಕ್ಕಳು, ಬಹುತೇಕ ಹದಿನೈದರ ಆಸುಪಾಸಿನವರು. ದನುಟ ವಾಸ್ಸರ್‌ಮನ್ ಮುಂದಾಳತ್ವದ ಈ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಆತ್ಮಹತ್ಯೆ ತಡೆಯುವ ಮೂರು ವಿಧಾನಗಳನ್ನು ಹೋಲಿಸಿದರು. ಕೆಲವು ಶಾಲೆಗಳಲ್ಲಿ ಅಪಾಯದ ಗುರುತು ಹಿಡಿಯಲು ಶಿಕ್ಷಕರಿಗೆ ತರಬೇತಿ. ಕೆಲವು ಕಡೆ ಪ್ರಶ್ನಾವಳಿ ಕೊಟ್ಟು, ತೊಂದರೆ ಇರುವ ಮಕ್ಕಳನ್ನು ಹುಡುಕಿ ತಜ್ಞರ ಹತ್ತಿರ ಕಳಿಸುವುದು. ಮೂರನೆಯದರಲ್ಲಿ ಮಕ್ಕಳ ಜೊತೆಯೇ ನಾಲ್ಕು ವಾರದಲ್ಲಿ ಕೆಲವೇ ಗಂಟೆಗಳ ಕೆಲಸ. ಸಣ್ಣ ನಾಟಕದ ಹಾಗೆ ಸನ್ನಿವೇಶಗಳನ್ನು ಮಕ್ಕಳೇ ಅಭಿನಯಿಸಿ, ಆ ಬಗ್ಗೆ ಮಾತಾಡುವುದು. ಗೆಳೆಯ ಮಂಕಾಗಿದ್ದರೆ ಏನು ಮಾಡುತ್ತೀಯ, ಮನೆಯಲ್ಲಿ ಜಗಳವಾದರೆ ಎಲ್ಲಿಗೆ ಹೋಗುತ್ತೀಯ, ಹೀಗೆ.

ಮೂರು ತಿಂಗಳಿಗೆ ಯಾವುದರಲ್ಲೂ ವ್ಯತ್ಯಾಸ ಕಾಣಲಿಲ್ಲ. ಒಂದು ವರ್ಷಕ್ಕೆ ನೋಡಿದಾಗ, ಮಕ್ಕಳ ಜೊತೆ ಕೆಲಸ ಮಾಡಿದ ಶಾಲೆಗಳಲ್ಲಿ ಹೊಸದಾಗಿ ಆತ್ಮಹತ್ಯೆಗೆ ಪ್ರಯತ್ನಿಸಿದವರ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿದಿತ್ತು. ಉಳಿದ ಎರಡು ವಿಧಾನಗಳಲ್ಲಿ ಅಂಥ ಬದಲಾವಣೆ ಇರಲಿಲ್ಲ.

ಎಲ್ಲ ಕಾರ್ಯಕ್ರಮವೂ ಫಲ ಕೊಡುತ್ತದೆ ಅಂತಲ್ಲ. ಬ್ರಿಟನ್ನಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಶಾಲೆಯಲ್ಲಿ ಧ್ಯಾನದ ಥರದ ಮೈಂಡ್‌ಫುಲ್‌ನೆಸ್ ಕಲಿಸಿ ನೋಡಿದ ದೊಡ್ಡ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಎಂದಿನ ಪಾಠಕ್ಕಿಂತ ಅದರಿಂದ ಏನೂ ಹೆಚ್ಚು ಪ್ರಯೋಜನ ಆಗಿರಲಿಲ್ಲ. ಕೇಳಲು ಚೆನ್ನಾಗಿದೆ ಅಂತ ಎಲ್ಲ ಮಕ್ಕಳ ಮೇಲೂ ಹೇರಬಾರದು, ಅಳೆದು ನೋಡಬೇಕು. ಸಂಶೋಧನೆ ಬೇಕಾಗಿರುವುದೇ ಇದಕ್ಕೆ.

ನಮ್ಮ ಮನೆಗಳಲ್ಲಿ ಆತ್ಮಹತ್ಯೆ ಅನ್ನುವ ಪದವನ್ನೇ ಬಾಯಿಗೆ ತರುವುದಿಲ್ಲ. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುತ್ತದೆ ಅನ್ನುವ ಭಯ. ಇದನ್ನೂ ಪರೀಕ್ಷಿಸಿ ನೋಡಿದ್ದಾರೆ. ಮೆಡೆಲಿನ್ ಗೂಲ್ಡ್ ನ್ಯೂಯಾರ್ಕ್ ರಾಜ್ಯದ ಆರು ಹೈಸ್ಕೂಲುಗಳಲ್ಲಿ 2,342 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಈ ಬಗ್ಗೆ ನೇರ ಪ್ರಶ್ನೆ ಕೇಳಿದರು. ಎರಡು ದಿನದ ನಂತರ ಎರಡೂ ಗುಂಪಿಗೆ ಕೇಳಿದಾಗ, ಮೊದಲು ಪ್ರಶ್ನೆ ಕೇಳಿಸಿಕೊಂಡವರಲ್ಲಿ ಸಂಕಟವಾಗಲಿ ಅಂಥ ಯೋಚನೆಯಾಗಲಿ ಹೆಚ್ಚಿರಲಿಲ್ಲ. ಮೊದಲೇ ಕುಗ್ಗಿದ್ದ ಮಕ್ಕಳಿಗೆ ಕೇಳಿದ್ದರಿಂದ ಸ್ವಲ್ಪ ಹಗುರವೇ ಆಗಿತ್ತು. ಇದು 2005ರಲ್ಲೇ ಪ್ರಕಟವಾದ ವಿಷಯ. ನಮ್ಮ ಭಯ ಮಾತ್ರ ಹಾಗೇ ಇದೆ. ನಮ್ಮ ದೇಶದಲ್ಲಿ 2022 ಒಂದೇ ವರ್ಷದಲ್ಲಿ 13,044 ವಿದ್ಯಾರ್ಥಿಗಳು ಹೀಗೆ ಹೋದರು ಅಂತ ಸರ್ಕಾರದ ದಾಖಲೆ ಹೇಳುತ್ತದೆ. ಕೇಳದೇ ಇರುವುದರಿಂದ ಯಾರೂ ಉಳಿದಿಲ್ಲ.

ಮುನಿಸೋ, ಕಾಯಿಲೆಯೋ?

ಎರಡು ದಿನ ಮುಖ ಊದಿಸಿಕೊಂಡಿದ್ದರೆ ಅದು ಮುನಿಸು. ಎರಡು ವಾರಕ್ಕಿಂತ ಹೆಚ್ಚು ದಿನ, ಬಹುತೇಕ ಹೊತ್ತು ಮಂಕಾಗಿದ್ದರೆ ಗಮನ ಕೊಡಬೇಕು. ಮೊದಲು ಇಷ್ಟಪಡುತ್ತಿದ್ದದ್ದು ಬೇಡವಾಗುವುದು ದೊಡ್ಡ ಸೂಚನೆ. ಕ್ರಿಕೆಟ್ ಬಿಟ್ಟ, ಡ್ರಾಯಿಂಗ್ ಬಿಟ್ಟಳು, ಗೆಳತಿಯ ಮನೆಗೆ ಹೋಗುವುದನ್ನು ನಿಲ್ಲಿಸಿದಳು. ನಿದ್ದೆ, ಊಟ, ಓದು, ಗೆಳೆತನ ಇವುಗಳಲ್ಲಿ ಎಷ್ಟು ಕಡೆ ಬದಲಾವಣೆ ಆಗಿದೆ ನೋಡಿ. ಹದಿಹರೆಯದಲ್ಲಿ ಖಿನ್ನತೆ ಅಳುವಿನ ಬದಲು ಸಿಟ್ಟಾಗಿ ಬರಬಹುದು. ಎಷ್ಟೋ ಮಕ್ಕಳು ತಲೆನೋವು, ಹೊಟ್ಟೆನೋವು ಅಂತ ಹೇಳುತ್ತಾರೆ. ಅದು ನಾಟಕವಲ್ಲ, ನೋವು ನಿಜ. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯಬಾರದು.

ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಇದನ್ನು ದೇಶಕ್ಕೆಲ್ಲ ನಡೆಸಿಕೊಡುವ ಮುಖ್ಯ ಕೇಂದ್ರ ನಿಮ್ಹಾನ್ಸ್. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ಸ್ನೇಹ ಕ್ಲಿನಿಕ್‌ಗಳಿವೆ. ಯುವ ಸ್ಪಂದನ ಕೇಂದ್ರಗಳು ಜಿಲ್ಲೆಗಳಲ್ಲಿವೆ, ಅದನ್ನೂ ರಾಜ್ಯದ ಯುವಜನ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ಕಟ್ಟಿದ್ದು. ಫೋನ್ ಮಾಡಲು ಮಗು ಒಪ್ಪದಿದ್ದರೆ ಅಪ್ಪ ಅಮ್ಮನೇ ಮಾಡಿ ಏನು ಮಾಡಲಿ ಅಂತ ಕೇಳಬಹುದು. ನಾನು ಹಾಗೇ ಮಾಡಿದೆ. ಆ ಕಡೆಯ ಹೆಣ್ಣುಮಗಳು ನನ್ನ ಮಾತನ್ನೆಲ್ಲ ಕೇಳಿ, ‘ಅವನಿಗೆ ಇಷ್ಟವಾದ ದೊಡ್ಡವರು ನಿಮ್ಮನ್ನು ಬಿಟ್ಟು ಇನ್ಯಾರಿದ್ದಾರೆ?’ ಅಂತ ಕೇಳಿದರು.

ನನ್ನ ತಮ್ಮ ಇದ್ದ. ಬೈಕ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ, ಭಾನುವಾರ ಮಗನನ್ನು ಅಲ್ಲಿಗೆ ಕಳಿಸಿದೆ. ಏನೂ ಕೇಳಬೇಡ, ಸುಮ್ನೆ ಜೊತೆಗಿಟ್ಟುಕೊ ಅಂದಿದ್ದೆ. ಇಬ್ಬರೂ ಒಂದು ಹಳೇ ಸ್ಪ್ಲೆಂಡರ್‌ನ ಕಾರ್ಬ್ಯುರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯುತ್ತಾ ಕೂತಿದ್ದರಂತೆ. ಒಬ್ಬರ ಮುಖ ಒಬ್ಬರು ನೋಡದೆ, ಇಬ್ಬರ ಕಣ್ಣೂ ಆ ಸಣ್ಣ ಭಾಗಗಳ ಮೇಲೆ. ಮೂರನೇ ಭಾನುವಾರ ಮಗ ತಾನಾಗಿಯೇ ಹೇಳಿದ. ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಅವನ ಫೋಟೋ ಹಾಕಿ ಹಂಗಿಸಿದ್ದರು, ಆಮೇಲೆ ಗುಂಪಿನಿಂದ ತೆಗೆದುಹಾಕಿದ್ದರು. ಊಟದ ಬೆಲ್ ಹೊಡೆದಾಗ ಅವನು ಆರು ವಾರದಿಂದ ಲೈಬ್ರರಿಯಲ್ಲಿ ಒಬ್ಬನೇ ಕೂರುತ್ತಿದ್ದ. ತಮ್ಮ ಅಂಗಡಿ ಮುಚ್ಚಿ, ಅವನನ್ನು ಹಿಂದೆ ಕೂರಿಸಿಕೊಂಡು ಮನೆಗೆ ಬಂದ. ‘ಅಮ್ಮಂಗೆ ನೀನು ಹೇಳ್ತೀಯಾ, ನಾನು ಹೇಳ್ಲಾ?’ ಅಂತ ಅವನನ್ನು ಕೇಳಿದ್ದು ಅಡುಗೆಮನೆಗೆ ಕೇಳಿಸಿತು. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನೇ ಹೇಳ್ತೀನಿ, ನೀನೂ ಇರು’ ಅಂದ.